ಮತ ಕದಲದಿದ್ದರೂ ಅಧಿಕಾರ ಕದಲುವುದೇಕೆ? ಅಮೆರಿಕದ ಪಕ್ಷೀಯ ಧ್ರುವೀಕರಣ ಮತ್ತು ಅಲ್ಲಿನ ಚುನಾವಣೆಗಳು

ಪ್ರಶ್ನೆ: ಅಮೆರಿಕದಲ್ಲಿ ಡೆಮಾಕ್ರಟಿಕ್ ಮತ್ತು ರಿಪಬ್ಲಿಕನ್ ಪಕ್ಷಗಳ ಬೆಂಬಲಿಗರ ನಡುವಿನ ಹಗೆತನ ಹೆಚ್ಚುತ್ತಲೇ ಇದೆ ಎಂದು ಓದುತ್ತೇವೆ. ಆದರೂ ಅಲ್ಲಿ ಈಚೆಗೆ ಯಾರೂ ಭಾರೀ ಅಂತರದಿಂದ ಗೆಲ್ಲುವುದಿಲ್ಲ. ಪ್ರತಿ ಸಲವೂ ಅವೇ ಆರೇಳು ರಾಜ್ಯಗಳ ಹೆಸರು ಕೇಳಿಬರುತ್ತದೆ. ಈ ಧ್ರುವೀಕರಣ ಚುನಾವಣೆಯ ಫಲಿತಾಂಶವನ್ನು ನಿಜಕ್ಕೂ ಬದಲಿಸುತ್ತದೆಯೇ, ಇಲ್ಲವೇ ಬರೀ ಮಾತಿನ ಕಾವನ್ನು ಏರಿಸುತ್ತದೆಯೇ? ಚುನಾವಣಾ ಪದ್ಧತಿಯನ್ನು ತಿದ್ದಿದರೆ ಪರಿಹಾರ ಸಿಗಬಹುದೇ?

ಉತ್ತರ: ಬದಲಿಸುತ್ತದೆ, ಆದರೆ ನಾವು ಸಾಮಾನ್ಯವಾಗಿ ಊಹಿಸುವ ರೀತಿಯಲ್ಲಲ್ಲ. ಧ್ರುವೀಕರಣವು ಒಂದು ಪಕ್ಷವನ್ನು ಎತ್ತಿ ಇನ್ನೊಂದನ್ನು ಇಳಿಸುವ ಶಕ್ತಿಯಲ್ಲ. ಅದು ಬಹುಪಾಲು ಮತದಾರರನ್ನು ಅವರಿದ್ದ ಕಡೆಯಲ್ಲೇ ಕಟ್ಟಿಹಾಕಿ, ಎತ್ತಲೂ ಸೇರದೆ ಉಳಿದ ಸಣ್ಣ ಗುಂಪಿನ ಕೈಗೆ ದೇಶದ ತೀರ್ಪನ್ನು ಒಪ್ಪಿಸಿಬಿಡುತ್ತದೆ. ಹೀಗಾಗಿ ಅಮೆರಿಕದಲ್ಲಿ ಈಗ ಮತಗಳು ಹಿಂದಿಗಿಂತ ಕಡಿಮೆ ಕದಲುತ್ತವೆ, ಅಧಿಕಾರ ಮಾತ್ರ ಹಿಂದಿಗಿಂತ ಹೆಚ್ಚು ಸಲ ಕೈಬದಲಾಗುತ್ತದೆ. ಪರಸ್ಪರ ವಿರುದ್ಧವೆಂದು ತೋರುವ ಈ ಎರಡು ಸಂಗತಿಗಳ ಬೇರು ಒಂದೇ ಎಂಬುದನ್ನು ವಿವರಿಸುವುದೇ ಈ ಉತ್ತರದ ಉದ್ದೇಶ.

ಮೊದಲಿಗೆ ಸ್ವಲ್ಪ ಇತಿಹಾಸ. 1950ರಲ್ಲಿ ಅಮೆರಿಕದ ರಾಜ್ಯಶಾಸ್ತ್ರಜ್ಞರ ಸಂಘದ ಸಮಿತಿಯೊಂದು ವರದಿ ಪ್ರಕಟಿಸಿ, ಎರಡೂ ಪಕ್ಷಗಳು ತೀರಾ ಸಡಿಲವಾಗಿವೆ, ಅವುಗಳ ನಡುವೆ ಮತದಾರನಿಗೆ ಸ್ಪಷ್ಟ ಆಯ್ಕೆಯೇ ಇಲ್ಲ ಎಂದು ದೂರಿತ್ತು. ಬೇಡಿದ ವರ ಅಗತ್ಯಕ್ಕಿಂತ ಹೆಚ್ಚಾಗಿಯೇ ಸಿಕ್ಕಿತು ಎನ್ನದೆ ಗತ್ಯಂತರವಿಲ್ಲ. ಆಗಿನ ಡೆಮಾಕ್ರಟಿಕ್ ಪಕ್ಷದಲ್ಲಿ ಉತ್ತರದ ಕಾರ್ಮಿಕ ಸಂಘಟನೆಗಳ ನಾಯಕರೂ ಇದ್ದರು, ವರ್ಣಭೇದವನ್ನು ಸಮರ್ಥಿಸುವ ದಕ್ಷಿಣದ ಜಮೀನ್ದಾರಿ ಮನಸ್ಸಿನವರೂ ಇದ್ದರು. ರಿಪಬ್ಲಿಕನ್ ಪಕ್ಷದಲ್ಲಿ ಕಟ್ಟಾ ಸಂಪ್ರದಾಯವಾದಿಗಳ ಜೊತೆಗೆ ಈಶಾನ್ಯದ ಉದಾರವಾದಿಗಳೂ ಇದ್ದರು. ಜನಾಂಗ ತಾರತಮ್ಯವನ್ನು ನಿಷೇಧಿಸಿದ 1964ರ ನಾಗರಿಕ ಹಕ್ಕುಗಳ ಕಾಯ್ದೆಯನ್ನು ಸಂಸತ್ತಿನ ಮೇಲ್ಮನೆಯಾದ ಸೆನೆಟ್ 73–27 ಮತಗಳಿಂದ ಅಂಗೀಕರಿಸಿದಾಗ ಪರವಾಗಿ ನಿಂತವರಲ್ಲಿ 46 ಡೆಮಾಕ್ರಟರು, 27 ರಿಪಬ್ಲಿಕನ್ನರು. ವಿರೋಧಿಸಿದವರಲ್ಲಿ 21 ಡೆಮಾಕ್ರಟರು, ಕೇವಲ 6 ರಿಪಬ್ಲಿಕನ್ನರು. ಆ ಆರು ಜನರಲ್ಲಿ ಒಬ್ಬರಾದ ಬ್ಯಾರಿ ಗೋಲ್ಡ್‌ವಾಟರ್ ಅದೇ ವರ್ಷ ರಿಪಬ್ಲಿಕನ್ ಅಭ್ಯರ್ಥಿಯಾಗಿ ಲಿಂಡನ್ ಜಾನ್ಸನ್ ಎದುರು ದಯನೀಯವಾಗಿ ಸೋತರು. ಅವರು ಗೆದ್ದ ಆರು ರಾಜ್ಯಗಳಲ್ಲಿ ತವರಾದ ಅರಿಝೋನಾ ಒಂದು, ಉಳಿದ ಐದೂ ‘ಡೀಪ್ ಸೌತ್’ ಎಂದು ಕರೆಯುವ ದಕ್ಷಿಣ ತುದಿಯವು. ಅಲ್ಲಿಂದ ಮೂರು ದಶಕಗಳಲ್ಲಿ ದಕ್ಷಿಣದ ಬಿಳಿಯ ಮತದಾರರು ರಿಪಬ್ಲಿಕನ್ ಪಕ್ಷದತ್ತ ಸರಿದರು, ಉತ್ತರದ ಉದಾರವಾದಿಗಳು ಡೆಮಾಕ್ರಟಿಕ್ ಪಕ್ಷದತ್ತ ಸರಿದರು. ಧರ್ಮಶ್ರದ್ಧೆ, ಗರ್ಭಪಾತದ ವಿವಾದ, ನಗರ–ಗ್ರಾಮ ಭೇದ, ಈಚೆಗೆ ಕಾಲೇಜು ಶಿಕ್ಷಣ ಪಡೆದವರು–ಪಡೆಯದವರೆಂಬ ಭೇದ, ಇವೆಲ್ಲವೂ ಒಂದೊಂದಾಗಿ ಅದೇ ಗೆರೆಯ ಮೇಲೆ ಬಂದು ಕೂತವು.

ಇಲ್ಲಿ ವಿದ್ವಾಂಸರ ನಡುವೆ ಒಂದು ಹಳೆಯ ಜಗಳವಿದೆ. ಮಾರಿಸ್ ಫಿಯೊರಿನಾ ಅವರ ಪ್ರಕಾರ ಸಾಮಾನ್ಯ ಅಮೆರಿಕನ್ನರ ಅಭಿಪ್ರಾಯಗಳು ತೀರಾ ತುದಿಗೆ ಹೋಗಿಲ್ಲ. ಜನರು ತಮ್ಮ ಅಭಿಪ್ರಾಯಕ್ಕೆ ಹೊಂದುವ ಪಕ್ಷವನ್ನು ಸೇರಿ ವಿಂಗಡಣೆಯಾಗಿದ್ದಾರೆ, ಅಷ್ಟೆ. ಅಲನ್ ಅಬ್ರಮೊವಿಟ್ಜ್ ಅವರು ಇದನ್ನು ಒಪ್ಪುವುದಿಲ್ಲ. ರಾಜಕೀಯದಲ್ಲಿ ಆಸಕ್ತಿಯಿರುವ ನಾಗರಿಕರು ನಿಜವಾಗಿಯೂ ದೂರ ಸರಿದಿದ್ದಾರೆ ಎಂಬುದು ಅವರ ವಾದ. ಚುನಾವಣೆಯ ಮಟ್ಟಿಗೆ ಈ ಜಗಳ ತೀರ್ಮಾನವಾಗುವವರೆಗೆ ಕಾಯಬೇಕಾಗಿಲ್ಲ ಎಂದು ನನಗನ್ನಿಸುತ್ತದೆ. ಮತಗಟ್ಟೆಯಲ್ಲಿ ಹೆಚ್ಚು ಕೆಲಸ ಮಾಡುವುದು ಅಭಿಪ್ರಾಯಗಳ ದೂರವಲ್ಲ, ಮನಸ್ಸುಗಳ ದೂರ. ಶಾಂತೊ ಅಯ್ಯಂಗಾರ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನು ಮದುವೆಯ ಪ್ರಶ್ನೆಯೊಂದರಿಂದ ತೋರಿಸಿಕೊಟ್ಟಿತು. ಮಗನೋ ಮಗಳೋ ಎದುರು ಪಕ್ಷದವರನ್ನು ಮದುವೆಯಾದರೆ ಬೇಸರವಾಗುತ್ತದೆಯೇ ಎಂದು ಕೇಳಿದಾಗ 1960ರಲ್ಲಿ ಹೌದೆಂದವರು ಎರಡೂ ಪಕ್ಷಗಳಲ್ಲಿ ನೂರಕ್ಕೆ ನಾಲ್ಕೈದು ಮಂದಿ ಮಾತ್ರ. 2010ರ ಹೊತ್ತಿಗೆ ರಿಪಬ್ಲಿಕನ್ನರಲ್ಲಿ ಸುಮಾರು ಅರ್ಧದಷ್ಟು, ಡೆಮಾಕ್ರಟರಲ್ಲಿ ಮೂರನೇ ಒಂದರಷ್ಟು ಜನ ಹೌದೆಂದರು. ಸಂಬಂಧ ಕುದುರಿಸುವಾಗ ಏನೇನು ನೋಡುತ್ತಾರೆಂದು ಚೆನ್ನಾಗಿ ಬಲ್ಲ ನಮ್ಮ ಓದುಗರಿಗೆ ಈ ಅಂಕಿಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಕ್ಷವು ಅಲ್ಲಿ ಒಂದು ಕುಲದಂತಾಗಿದೆ. ತನ್ನ ಪಕ್ಷದ ಮೇಲೆ ವಿಶೇಷ ಪ್ರೀತಿಯಿಲ್ಲದವನೂ ಎದುರು ಪಕ್ಷದ ಭಯದಿಂದ ಇಲ್ಲೇ ಉಳಿಯುತ್ತಾನೆ.

ಇದು ಮತಪೆಟ್ಟಿಗೆಯಲ್ಲಿ ಕಾಣಿಸಿಕೊಳ್ಳುವ ಮೊದಲ ರೂಪವೆಂದರೆ ಬೇರೆ ಬೇರೆ ಹುದ್ದೆಗೆ ಬೇರೆ ಬೇರೆ ಪಕ್ಷವನ್ನು ಆರಿಸುವ ಅಭ್ಯಾಸದ ಕ್ಷಯ. ಕರ್ನಾಟಕದಲ್ಲಿ ಈ ಅಭ್ಯಾಸ ಎಷ್ಟು ಸಹಜವೆಂದರೆ ನಾವು ಅದನ್ನು ಗಮನಿಸುವುದೇ ಇಲ್ಲ. 1984ರ ಡಿಸೆಂಬರ್‌ನ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳ ಪೈಕಿ 24ನ್ನು ಕಾಂಗ್ರೆಸ್ಸಿಗೆ ಕೊಟ್ಟ ಮತದಾರರು, ರಾಮಕೃಷ್ಣ ಹೆಗಡೆಯವರು ರಾಜೀನಾಮೆಯಿತ್ತು ಹೊಸ ಜನಾದೇಶ ಕೇಳಿದಾಗ, 1985ರ ಮಾರ್ಚ್‌ನಲ್ಲಿ ಅವರ ಜನತಾ ಪಕ್ಷಕ್ಕೆ ವಿಧಾನಸಭೆಯ 139 ಸ್ಥಾನಗಳನ್ನು ಕೊಟ್ಟರು. 2023ರಲ್ಲಿ ಕಾಂಗ್ರೆಸ್ಸಿಗೆ 135 ಶಾಸಕರನ್ನು ಕೊಟ್ಟವರು ಮರುವರ್ಷ ಅದೇ ಪಕ್ಷಕ್ಕೆ ಕೊಟ್ಟದ್ದು 9 ಸಂಸದರನ್ನು. ಅಮೆರಿಕನ್ನರೂ ಒಂದು ಕಾಲದಲ್ಲಿ ಹೀಗೆಯೇ ಇದ್ದರು, ಅದೂ ಒಂದೇ ದಿನ, ಒಂದೇ ಮತಪತ್ರದಲ್ಲಿ. 1984ರಲ್ಲಿ ರೊನಾಲ್ಡ್ ರೇಗನ್ 49 ರಾಜ್ಯಗಳನ್ನು ಗೆದ್ದ ದಿನವೇ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿಗಳ ಸಭೆಯಲ್ಲಿ ಡೆಮಾಕ್ರಟರು 253 ಸ್ಥಾನಗಳ ಬಹುಮತ ಉಳಿಸಿಕೊಂಡರು; 435 ಕ್ಷೇತ್ರಗಳ ಪೈಕಿ ಸುಮಾರು 190ರಲ್ಲಿ ಜನ ಅಧ್ಯಕ್ಷಗಿರಿಗೆ ಒಂದು ಪಕ್ಷವನ್ನೂ ಸಭೆಗೆ ಇನ್ನೊಂದನ್ನೂ ಆರಿಸಿದ್ದರು. 2020ರಲ್ಲಿ ಅಂಥ ಕ್ಷೇತ್ರಗಳು 16 ಮಾತ್ರ, 2024ರಲ್ಲೂ 16. ಸೆನೆಟ್ಟಿನಲ್ಲಿ ಇನ್ನೂ ಸ್ಪಷ್ಟ. 2016ರಲ್ಲಿ ಸೆನೆಟ್ ಚುನಾವಣೆ ನಡೆದ ಪ್ರತಿಯೊಂದು ರಾಜ್ಯದಲ್ಲೂ ಅಧ್ಯಕ್ಷಗಿರಿಯ ಮತ ಯಾವ ಪಕ್ಷಕ್ಕೋ ಸೆನೆಟ್ ಸ್ಥಾನವೂ ಅದಕ್ಕೇ ಹೋಯಿತು. ಹಾಗಾದದ್ದು ಅದೇ ಮೊದಲು. 2024ರ ಚುನಾವಣೆಯ ಬಳಿಕ, ಡೊನಾಲ್ಡ್ ಟ್ರಂಪ್ ಮೂರು ಬಾರಿಯೂ ಗೆದ್ದ 25 ರಾಜ್ಯಗಳಿಂದ ಒಬ್ಬನೇ ಒಬ್ಬ ಡೆಮಾಕ್ರಟ್ ಸೆನೆಟರ್ ಉಳಿದಿರಲಿಲ್ಲ. ಅವರು ಮೂರು ಬಾರಿಯೂ ಸೋತ 19 ರಾಜ್ಯಗಳಿಂದ ಇದ್ದ ಒಬ್ಬರೇ ರಿಪಬ್ಲಿಕನ್ ಸೆನೆಟರ್ ಎಂದರೆ ಮೇನ್ ರಾಜ್ಯದ ಸೂಸನ್ ಕಾಲಿನ್ಸ್.

ಅಧ್ಯಕ್ಷ ಚುನಾವಣೆಯ ಭೂಪಟವೂ ಹೀಗೆಯೇ ಹೆಪ್ಪುಗಟ್ಟಿತು. 1976ರಲ್ಲಿ ಜಿಮ್ಮಿ ಕಾರ್ಟರ್ ಮತ್ತು ಜೆರಾಲ್ಡ್ ಫೋರ್ಡ್ ಸ್ಪರ್ಧಿಸಿದಾಗ ಕ್ಯಾಲಿಫೋರ್ನಿಯಾ, ಟೆಕ್ಸಸ್, ನ್ಯೂಯಾರ್ಕ್‌ನಂಥ ದೈತ್ಯ ರಾಜ್ಯಗಳಲ್ಲೂ ಅಂತರ ಶೇ 5ಕ್ಕಿಂತ ಕಡಿಮೆಯಿತ್ತು. ಅಭ್ಯರ್ಥಿಗಳು ದೇಶವನ್ನೆಲ್ಲ ಸುತ್ತಬೇಕಿತ್ತು. ಈಗ ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್, ಜಾರ್ಜಿಯಾ, ಅರಿಝೋನಾ, ನೆವಾಡ, ನಾರ್ತ್ ಕೆರೊಲಿನಾ ಎಂಬ ಏಳು ರಾಜ್ಯಗಳ ಆಚೆ ಪ್ರಚಾರಕ್ಕೆ ಅರ್ಥವೇ ಇಲ್ಲದಂತಾಗಿದೆ. 2016 ಮತ್ತು 2020ರ ನಡುವೆ ಪಕ್ಷ ಬದಲಿಸಿದ ರಾಜ್ಯಗಳು ಕೇವಲ ಐದು. 2020 ಮತ್ತು 2024ರ ನಡುವೆ ಆರು. ರಾಜ್ಯದಲ್ಲಿ ಒಂದು ಮತ ಮುಂದಿದ್ದವರಿಗೆ ಆ ರಾಜ್ಯದ ಎಲ್ಲ ಎಲೆಕ್ಟೋರಲ್ ಮತಗಳೂ (ರಾಜ್ಯವಾರು ಹಂಚಿರುವ, ಅಧ್ಯಕ್ಷರನ್ನು ಕೊನೆಗೆ ಆರಿಸುವ ಮತಗಳು) ಸಲ್ಲುತ್ತವೆ. ಮೇನ್ ಮತ್ತು ನೆಬ್ರಾಸ್ಕ ಎರಡು ಮಾತ್ರ ಈ ನಿಯಮಕ್ಕೆ ಹೊರತು. ಹೀಗಾಗಿ ಸಮಬಲದ ತಕ್ಕಡಿಯಲ್ಲಿ ಬಿದ್ದ ಒಂದು ಹಿಡಿ ಕಾಳು ಇಡೀ ದೇಶದ ತೂಕವನ್ನು ತಿರುಗಿಸುತ್ತದೆ. 2016ರಲ್ಲಿ ಹಿಲರಿ ಕ್ಲಿಂಟನ್ ದೇಶದಾದ್ಯಂತ 28 ಲಕ್ಷಕ್ಕೂ ಹೆಚ್ಚು ಮತಗಳಿಂದ ಮುಂದಿದ್ದರು. ಮಿಷಿಗನ್, ಪೆನ್ಸಿಲ್ವೇನಿಯಾ ಮತ್ತು ವಿಸ್ಕಾನ್ಸಿನ್‌ಗಳಲ್ಲಿ ಒಟ್ಟು ಸುಮಾರು 78 ಸಾವಿರ ಮತಗಳ ಅಂತರದಿಂದ ಅಧ್ಯಕ್ಷಗಿರಿ ಟ್ರಂಪ್ ಪಾಲಾಯಿತು. 2020ರಲ್ಲಿ ಜೋ ಬೈಡನ್ 70 ಲಕ್ಷ ಮತಗಳಿಂದ ಮುಂದಿದ್ದರೂ ಅರಿಝೋನಾ, ಜಾರ್ಜಿಯಾ, ವಿಸ್ಕಾನ್ಸಿನ್‌ಗಳಲ್ಲಿ ಅವರಿಗಿದ್ದ ಒಟ್ಟು ಮುನ್ನಡೆ 43 ಸಾವಿರದಷ್ಟು ಮಾತ್ರ. ಆ ಮೂರೂ ರಾಜ್ಯಗಳು ಕೈತಪ್ಪಿದ್ದರೆ ಎಲೆಕ್ಟೋರಲ್ ಮತಗಳು 269–269ರಲ್ಲಿ ಸಮನಾಗಿ ನಿಲ್ಲುತ್ತಿದ್ದವು.

ನಿಮ್ಮ ಪ್ರಶ್ನೆಯ ತಿರುಳು ಇರುವುದು ಇದರ ನಂತರದ ಮಾತಿನಲ್ಲಿ. ಚುನಾವಣೆ ಎಂಬುದು ಆಳುವವರಿಂದ ಲೆಕ್ಕ ಕೇಳುವ ದಿನವೂ ಹೌದು. ಹಿಂದೆ ಅಮೆರಿಕದ ಮತದಾರರು ಈ ಲೆಕ್ಕವನ್ನು ನಿಷ್ಠುರವಾಗಿ ಕೇಳುತ್ತಿದ್ದರು. 1976ರಲ್ಲಿ ಶೇ 50ರಷ್ಟು ಮತ ಪಡೆದ ಕಾರ್ಟರ್, ಹಣದುಬ್ಬರ ಮತ್ತು ಇರಾನಿನ ಒತ್ತೆಯಾಳು ಪ್ರಕರಣದ ಬಳಿಕ 1980ರಲ್ಲಿ ಶೇ 41ಕ್ಕೆ ಕುಸಿದರು. 1991ರ ಕೊಲ್ಲಿ ಯುದ್ಧ ಮುಗಿದಾಗ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ 89ರಷ್ಟು ಜನರ ಮೆಚ್ಚುಗೆ ಪಡೆದಿದ್ದ ಹಿರಿಯ ಜಾರ್ಜ್ ಬುಷ್, ಮರುವರ್ಷದ ಚುನಾವಣೆಯಲ್ಲಿ ಪಡೆದದ್ದು ಶೇ 37ರಷ್ಟು ಮತ. ಇದಕ್ಕೆದುರಾಗಿ ಟ್ರಂಪ್ ಅವರ ಮೊದಲ ಅವಧಿಯ ನಾಲ್ಕು ವರ್ಷಗಳಲ್ಲಿ ಅದೇ ಸಮೀಕ್ಷೆಯ ಅಂಕಿ ಶೇ 34 ಮತ್ತು 49ರ ನಡುವೆಯೇ ಓಡಾಡಿತು. ಒಮ್ಮೆಯೂ 50 ಮುಟ್ಟಲಿಲ್ಲ, ಪೂರ್ತಿ ನೆಲಕಚ್ಚಲೂ ಇಲ್ಲ. ಎರಡು ಮಹಾಭಿಯೋಗ, ಒಂದು ಸಾಂಕ್ರಾಮಿಕ, ಸಂಸತ್ ಭವನದ ಮೇಲಿನ ದಾಳಿ, ನ್ಯೂಯಾರ್ಕಿನ ಜ್ಯೂರಿ ನೀಡಿದ ಅಪರಾಧದ ತೀರ್ಪು, ಇಷ್ಟೆಲ್ಲ ಆದರೂ ಮೂರು ಚುನಾವಣೆಗಳಲ್ಲಿ ಅವರ ಮತಪ್ರಮಾಣ ಶೇ 46ರಿಂದ 50ರ ಒಳಗೇ ಇತ್ತು. ಇದು ಒಂದು ಪಕ್ಷದ ಬೆಂಬಲಿಗರ ಗುಣವಷ್ಟೇ ಅಲ್ಲ. ದೇಶದ ಆರ್ಥಿಕ ಸ್ಥಿತಿ ಹೇಗಿದೆ ಎಂದು ಮಿಷಿಗನ್ ವಿಶ್ವವಿದ್ಯಾಲಯ ನಡೆಸುವ ಗ್ರಾಹಕ ಸಮೀಕ್ಷೆಯಲ್ಲಿ ಪ್ರತಿ ಅಧಿಕಾರ ಬದಲಾವಣೆಯ ಬಳಿಕ ಕೆಲವೇ ವಾರಗಳಲ್ಲಿ ಎರಡೂ ಪಕ್ಷಗಳವರ ಉತ್ತರ ಅದಲುಬದಲಾಗುತ್ತದೆ. ಅಂಗಡಿಯಲ್ಲಿ ಬೆಲೆ ಅದೇ, ಸಂಬಳ ಅದೇ. ಶ್ವೇತಭವನದಲ್ಲಿರುವವರು ಮಾತ್ರ ಬೇರೆ.

ಹಾಗಾದರೆ ಲೆಕ್ಕ ಕೇಳುವುದೇ ನಿಂತಿದೆಯೇ ಎಂದರೆ, ಹಾಗೆ ಹೇಳಲು ಇತಿಹಾಸ ಬಿಡುವುದಿಲ್ಲ. 2016, 2020, 2024, ಈ ಮೂರರಲ್ಲೂ ಆಳುವ ಪಕ್ಷವೇ ಸೋತಿದೆ. 2000ದಿಂದ 2024ರವರೆಗೆ ನಡೆದ 13 ರಾಷ್ಟ್ರೀಯ ಚುನಾವಣೆಗಳಲ್ಲಿ 2004 ಮತ್ತು 2012 ಬಿಟ್ಟರೆ ಉಳಿದ ಹನ್ನೊಂದರಲ್ಲೂ ಅಧ್ಯಕ್ಷಗಿರಿ, ಸೆನೆಟ್, ಪ್ರತಿನಿಧಿಗಳ ಸಭೆ ಈ ಮೂರರ ಪೈಕಿ ಒಂದಾದರೂ ಕೈಬದಲಾಗಿದೆ. ಧ್ರುವೀಕರಣವಿಲ್ಲದ ಕಾಲದಲ್ಲಾದರೋ ಡೆಮಾಕ್ರಟರು 1955ರಿಂದ 1995ರವರೆಗೆ ಸತತ ನಲವತ್ತು ವರ್ಷ ಪ್ರತಿನಿಧಿಗಳ ಸಭೆಯನ್ನು ಕೈಯಲ್ಲಿಟ್ಟುಕೊಂಡಿದ್ದರು. ಆದರೆ ಇಂದಿನ ಈ ಪಲ್ಲಟ ಬಹುಪಾಲು ಜನರ ಮರುಚಿಂತನೆಯಿಂದ ಬರುವುದಿಲ್ಲ. ಬೆಲೆಯೇರಿಕೆಯಿಂದಲೋ ಬೇಸರದಿಂದಲೋ ನೂರರಲ್ಲಿ ಎರಡು ಮೂರು ಮಂದಿ ಆಚೀಚೆಯಾದರೆ, ಕೆಲವರು ಮತಗಟ್ಟೆಗೆ ಹೋಗದೆ ಉಳಿದರೆ, ಅಷ್ಟಕ್ಕೇ ಸರ್ಕಾರ ಬೀಳುತ್ತದೆ. ಗೆದ್ದವರು ಮಾತ್ರ ಅದನ್ನು ಮಹಾ ಜನಾದೇಶವೆಂದು ಓದಿಕೊಳ್ಳುತ್ತಾರೆ. 2024ರಲ್ಲಿ ಟ್ರಂಪ್ 312 ಎಲೆಕ್ಟೋರಲ್ ಮತ ಗಳಿಸಿದರು. ಜನಮತದ ಅಂತರ ಶೇ 1.5ರಷ್ಟಿತ್ತು, ಪ್ರತಿನಿಧಿಗಳ ಸಭೆಯ ಬಲಾಬಲ 220–215.

ಬಹುಮತ ಯಾವಾಗಲೂ ಕೂದಲೆಳೆಯ ಅಂತರದಲ್ಲಿದ್ದರೆ ಶಾಸಕಾಂಗದ ನಡವಳಿಕೆಯೂ ಬದಲಾಗುತ್ತದೆ ಎಂಬ ಮಾತನ್ನು ಫ್ರಾನ್ಸಿಸ್ ಲೀ ಎಂಬ ವಿದುಷಿ ಬಹಳ ಚೆನ್ನಾಗಿ ವಿವರಿಸಿದ್ದಾರೆ. ಮುಂದಿನ ಎರಡು ವರ್ಷದಲ್ಲಿ ನಾವೇ ಅಧಿಕಾರಕ್ಕೆ ಬರಬಹುದು ಎಂಬ ಆಸೆಯಿರುವ ವಿರೋಧ ಪಕ್ಷಕ್ಕೆ ಸಹಕರಿಸಿ ಆಳುವವರಿಗೆ ಹೆಸರು ತಂದುಕೊಡುವುದರಲ್ಲಿ ಯಾವ ಲಾಭವೂ ಇಲ್ಲ. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಕುಟುಂಬದ ವೈದ್ಯ ವಿವೇಕ್ ಮೂರ್ತಿ ಅವರನ್ನು ಬರಾಕ್ ಒಬಾಮ 2013ರಲ್ಲಿ ಸರ್ಜನ್ ಜನರಲ್ (ದೇಶದ ಸಾರ್ವಜನಿಕ ಆರೋಗ್ಯದ ಮುಖ್ಯ ವೈದ್ಯಾಧಿಕಾರಿ) ಹುದ್ದೆಗೆ ಹೆಸರಿಸಿದಾಗ, ಬಂದೂಕಿನ ಹಿಂಸೆಯನ್ನು ಸಾರ್ವಜನಿಕ ಆರೋಗ್ಯದ ಪ್ರಶ್ನೆಯೆಂದು ಅವರು ಕರೆದದ್ದೇ ವಿವಾದವಾಗಿ, ಸೆನೆಟ್ಟಿನ ಒಪ್ಪಿಗೆಗೆ ಒಂದು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ಕೊನೆಗೆ ಸಿಕ್ಕಿದ್ದು 51–43ರ ಒಪ್ಪಿಗೆ. ಬಂದೂಕಿನ ಬಗೆಗಿನ ನಿಲುವು ಒಬ್ಬ ವೈದ್ಯಾಧಿಕಾರಿಯ ನೇಮಕವನ್ನೂ ಪಕ್ಷದ ಗೆರೆಗೆ ಎಳೆಯಬಲ್ಲದು.

ಇನ್ನು ಪ್ರಾಥಮಿಕ ಚುನಾವಣೆ. ನಮ್ಮಲ್ಲಿ ಟಿಕೆಟ್ ಹಂಚುವುದು ಹೈಕಮಾಂಡ್. ಅಲ್ಲಿ ಪಕ್ಷದ ಸಾಮಾನ್ಯ ಬೆಂಬಲಿಗರೇ ಪ್ರಾಥಮಿಕ ಚುನಾವಣೆಯಲ್ಲಿ ಮತ ಹಾಕಿ ಅಭ್ಯರ್ಥಿಯನ್ನು ಆರಿಸುತ್ತಾರೆ. ಕೇಳಲು ಇದು ಹೆಚ್ಚು ಪ್ರಜಾಸತ್ತಾತ್ಮಕವೇ. ಆದರೆ ಅಂಥ ಚುನಾವಣೆಗೆ ಬರುವವರು ಕಡಿಮೆ, ಬರುವವರಲ್ಲಿ ಕಟ್ಟಾಳುಗಳೇ ಹೆಚ್ಚು. ಒಂದೇ ಪಕ್ಷದ ಕೋಟೆಯಾಗಿರುವ ಕ್ಷೇತ್ರದಲ್ಲಿ ನಿಜವಾದ ಸ್ಪರ್ಧೆ ಮುಗಿಯುವುದೇ ಅಲ್ಲಿ, ಆದ್ದರಿಂದ ಸದಸ್ಯನಿಗೆ ಎದುರು ಪಕ್ಷಕ್ಕಿಂತ ತನ್ನ ಪಕ್ಷದವರದೇ ಅಂಜಿಕೆ. ಜನವರಿ 2021ರಲ್ಲಿ ಟ್ರಂಪ್ ಮೇಲಿನ ಮಹಾಭಿಯೋಗಕ್ಕೆ ಪ್ರತಿನಿಧಿಗಳ ಸಭೆಯ ಹತ್ತು ರಿಪಬ್ಲಿಕನ್ನರು ಬೆಂಬಲ ಕೊಟ್ಟರು. ಅವರಲ್ಲಿ ನಾಲ್ವರು 2022ರಲ್ಲಿ ಮತ್ತೆ ಸ್ಪರ್ಧಿಸಲಿಲ್ಲ, ನಾಲ್ವರು ಪ್ರಾಥಮಿಕ ಹಂತದಲ್ಲೇ ಸೋತರು. ವಯೋಮಿಂಗ್‌ನ ಲಿಝ್ ಚೇನಿ ಅವರ ಸೋಲಿನ ಅಂತರ ಶೇ 37ರಷ್ಟಿತ್ತು. ಮರಳಿ ಬಂದ ಇಬ್ಬರೆಂದರೆ ಕ್ಯಾಲಿಫೋರ್ನಿಯಾದ ಡೇವಿಡ್ ವಲಡೇವ್ ಮತ್ತು ವಾಷಿಂಗ್ಟನ್ ರಾಜ್ಯದ ಡ್ಯಾನ್ ನ್ಯೂಹೌಸ್. ಈ ಎರಡೂ ರಾಜ್ಯಗಳಲ್ಲಿ ಪಕ್ಷವಾರು ಪ್ರಾಥಮಿಕ ಚುನಾವಣೆ ಇಲ್ಲ. ಎಲ್ಲ ಪಕ್ಷಗಳ ಅಭ್ಯರ್ಥಿಗಳೂ ಒಂದೇ ಪಟ್ಟಿಯಲ್ಲಿದ್ದು, ಎಲ್ಲ ಮತದಾರರೂ ಮತ ಹಾಕಿ, ಮೊದಲ ಇಬ್ಬರು ಮುಂದಿನ ಹಂತಕ್ಕೆ ಹೋಗುತ್ತಾರೆ. ಇದನ್ನು ಕಾಕತಾಳೀಯವೆಂದು ತಳ್ಳಿಹಾಕಲಾಗದು, ಹಾಗೆಂದು ಇದರಿಂದ ಸೂತ್ರವನ್ನೂ ಕಟ್ಟಲಾಗದು. ಅದೇ ವಾಷಿಂಗ್ಟನ್ ರಾಜ್ಯದಲ್ಲಿ, ಅದೇ ಪದ್ಧತಿಯಲ್ಲಿ ಜೇಮಿ ಹೆರೆರಾ ಬ್ಯೂಟ್ಲರ್ ಸೋತರು. ಅವರ ಸ್ಥಾನ ಮತ್ತು ಮಿಷಿಗನ್‌ನಲ್ಲಿ ಪ್ರಾಥಮಿಕ ಹಂತದಲ್ಲಿ ಸೋತ ಪೀಟರ್ ಮೈಯರ್ ಅವರ ಸ್ಥಾನ ಎರಡೂ ನವೆಂಬರ್‌ನಲ್ಲಿ ಡೆಮಾಕ್ರಟರ ಪಾಲಾದವು. ಕಟ್ಟಾಳುಗಳು ಕೊಟ್ಟ ಶಿಕ್ಷೆಯ ಬೆಲೆಯನ್ನು ಪಕ್ಷವೇ ತೆತ್ತಿತು. ಅದೇ ದಿನ ಜಾರ್ಜಿಯಾದಲ್ಲಿ ರಿಪಬ್ಲಿಕನ್ ರಾಜ್ಯಪಾಲ (ಅಲ್ಲಿ ಜನರೇ ಆರಿಸುವ ಹುದ್ದೆ) ಬ್ರಯನ್ ಕೆಂಪ್ ಶೇ 7ಕ್ಕೂ ಹೆಚ್ಚಿನ ಅಂತರದಿಂದ ಗೆದ್ದರೆ, ಅದೇ ಪಕ್ಷದ ಸೆನೆಟ್ ಅಭ್ಯರ್ಥಿ ಹರ್ಷಲ್ ವಾಕರ್ ಹಿಂದೆ ಬಿದ್ದು, ಡಿಸೆಂಬರ್‌ನ ಮರುಸ್ಪರ್ಧೆಯಲ್ಲಿ ಸೋತರು. ತೂಗಿ ನೋಡಿ ಮತ ಹಾಕುವವರು ವಿರಳವಾದರೂ ಅಳಿದುಹೋಗಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಡ.

ಕ್ಷೇತ್ರಗಳ ಗಡಿ ಗೀಚುವ ಆಟದ ಬಗ್ಗೆ ಹೆಚ್ಚು ಬೆಳೆಸುವುದಿಲ್ಲ. ಪಕ್ಷದ ಲಾಭಕ್ಕಾಗಿ ಗಡಿ ಎಳೆಯುವುದನ್ನು ಒಕ್ಕೂಟದ ನ್ಯಾಯಾಲಯಗಳು ವಿಚಾರಿಸಲಾರವು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. 2025ರಲ್ಲಿ ಟೆಕ್ಸಸ್ ಜನಗಣತಿಗೆ ಕಾಯದೆ ರಿಪಬ್ಲಿಕನ್ನರಿಗೆ ಅನುಕೂಲವಾಗುವಂತೆ ನಕ್ಷೆ ಬದಲಿಸಿತು, ಅದಕ್ಕೆ ಪ್ರತಿಯಾಗಿ ಕ್ಯಾಲಿಫೋರ್ನಿಯಾದ ಮತದಾರರು ಡೆಮಾಕ್ರಟರಿಗೆ ಅನುಕೂಲವಾದ ನಕ್ಷೆಯನ್ನು ಒಪ್ಪಿದರು. ಆದರೆ ಸೆನೆಟ್ಟಿಗೆ ರಾಜ್ಯದ ಗಡಿಯೇ ಕ್ಷೇತ್ರದ ಗಡಿ, ಅದನ್ನು ಯಾರೂ ಗೀಚಲಾರರು. ಅಲ್ಲೂ ಧ್ರುವೀಕರಣ ಅಷ್ಟೇ ತೀವ್ರವಾಗಿರುವುದರಿಂದ, ನಕ್ಷೆಯೊಂದರ ಮೇಲೆಯೇ ದೋಷ ಹೊರಿಸುವ ವಿವರಣೆ ನನಗೆ ಸಾಲದೆನಿಸುತ್ತದೆ.

ಧ್ರುವೀಕರಣದಿಂದ ಆದದ್ದೆಲ್ಲ ಕೆಡುಕೇ ಎಂದೂ ಇಲ್ಲ. ಎದುರಾಳಿ ಗೆದ್ದರೆ ಗತಿಯೇನು ಎಂಬ ಆತಂಕ ಜನರನ್ನು ಮನೆಯಿಂದ ಹೊರಡಿಸುತ್ತದೆ. ಅಧ್ಯಕ್ಷರ ಅವಧಿಯ ನಡುವೆ ನಡೆಯುವ ಸಂಸತ್ ಚುನಾವಣೆಗೆ ಅಲ್ಲಿ ಮಧ್ಯಾವಧಿ ಚುನಾವಣೆ ಎನ್ನುತ್ತಾರೆ; 2018ರ ಅಂಥ ಚುನಾವಣೆಯಲ್ಲಿ ಅರ್ಹರ ಪೈಕಿ ಸುಮಾರು ಅರ್ಧದಷ್ಟು ಜನ ಮತ ಹಾಕಿದರು, ಅದು 1914ರ ನಂತರದ ದಾಖಲೆ. 2020ರಲ್ಲಿ ಸುಮಾರು ಮೂರನೇ ಎರಡರಷ್ಟು ಜನ ಮತ ಹಾಕಿದರು, ಅಷ್ಟು ಪ್ರಮಾಣವನ್ನು ಆ ದೇಶ 1900ರ ನಂತರ ಕಂಡಿರಲಿಲ್ಲ. ಆದರೆ ಅದೇ ಆತಂಕ ಸೋಲನ್ನು ಒಪ್ಪಿಕೊಳ್ಳದಂತೆಯೂ ಮಾಡುತ್ತದೆ. 2000ದಲ್ಲಿ ಫ್ಲಾರಿಡದ 537 ಮತಗಳಿಂದ ಅಧ್ಯಕ್ಷಗಿರಿ ಕಳೆದುಕೊಂಡ ಆಲ್ ಗೋರ್, ಸುಪ್ರೀಂ ಕೋರ್ಟಿನ 5–4ರ ತೀರ್ಪು ಬಂದ ಮರುದಿನವೇ ಸೋಲೊಪ್ಪಿದರು. 2021ರ ಜನವರಿ 6ರಂದು, ಗುಂಪೊಂದು ಸಂಸತ್ ಭವನಕ್ಕೆ ನುಗ್ಗಿದ ಬಳಿಕವೂ, 147 ರಿಪಬ್ಲಿಕನ್ ಸದಸ್ಯರು ಒಂದಲ್ಲ ಒಂದು ರಾಜ್ಯದ ಫಲಿತಾಂಶಕ್ಕೆ ಆಕ್ಷೇಪದ ಮತ ಹಾಕಿದರು. 2022ರಲ್ಲಿ ಎರಡೂ ಪಕ್ಷಗಳು ಸೇರಿ, ಸಂಸತ್ತಿನಲ್ಲಿ ನಡೆಯುವ ಎಲೆಕ್ಟೋರಲ್ ಮತಗಳ ಎಣಿಕೆಯ ಕಾಯ್ದೆಯನ್ನು ತಿದ್ದಿ, ಆಕ್ಷೇಪವೆತ್ತಲು ಪ್ರತಿ ಸದನದ ಐದನೇ ಒಂದರಷ್ಟು ಸದಸ್ಯರ ಬೆಂಬಲ ಬೇಕೆಂದೂ ಉಪಾಧ್ಯಕ್ಷರ ಪಾತ್ರ ಕೇವಲ ಔಪಚಾರಿಕವೆಂದೂ ಸ್ಪಷ್ಟಪಡಿಸಿದವು. 2025ರ ಜನವರಿ 6ರಂದು ಆಗಿನ ಉಪಾಧ್ಯಕ್ಷೆ, ಡೆಮಾಕ್ರಟ್ ಅಭ್ಯರ್ಥಿಯಾಗಿದ್ದ ಕಮಲಾ ಹ್ಯಾರಿಸ್ ತಮ್ಮದೇ ಸೋಲಿನ ಎಣಿಕೆಯ ಅಧ್ಯಕ್ಷತೆ ವಹಿಸಿ ಯಾವ ಗದ್ದಲವೂ ಇಲ್ಲದೆ ಮುಗಿಸಿದರು. ಸೋತ ಪಕ್ಷ ಬೇರೆಯಾಗಿದ್ದರೆ ಆ ಕಾಯ್ದೆ ಎಷ್ಟು ಗಟ್ಟಿಯಾಗಿ ನಿಲ್ಲುತ್ತಿತ್ತು ಎಂಬ ಪರೀಕ್ಷೆ ಇನ್ನೂ ಆಗಿಲ್ಲ.

ಕೊನೆಯದಾಗಿ ಪರಿಹಾರದ ಪ್ರಶ್ನೆ. ಬಹಳ ಜನ ಬೆರಳು ತೋರುವುದು ಅಲಾಸ್ಕದತ್ತ. ಅಲ್ಲಿನ ಮತದಾರರು 2020ರಲ್ಲಿ ಹೊಸ ಪದ್ಧತಿಯೊಂದನ್ನು ಒಪ್ಪಿದರು: ಪ್ರಾಥಮಿಕ ಹಂತ ಎಲ್ಲರಿಗೂ ಮುಕ್ತ, ಮೊದಲ ನಾಲ್ವರು ಅಂತಿಮ ಕಣಕ್ಕೆ, ಅಲ್ಲಿ ಮತದಾರ ಅಭ್ಯರ್ಥಿಗಳಿಗೆ ಒಂದು, ಎರಡು, ಮೂರು ಎಂದು ಪ್ರಾಶಸ್ತ್ಯ ಕೊಡಬಹುದು. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ಮತ ಹಾಕಿದವರಿಗೆ ಈ ಪ್ರಾಶಸ್ತ್ಯ ಮತ ಹೊಸದೇನಲ್ಲ. ಮಹಾಭಿಯೋಗದಲ್ಲಿ ಟ್ರಂಪ್ ತಪ್ಪಿತಸ್ಥರೆಂದು ಮತ ಹಾಕಿದ್ದ ರಿಪಬ್ಲಿಕನ್ ಸೆನೆಟರ್ ಲೀಸಾ ಮರ್ಕೌಸ್ಕಿ 2022ರಲ್ಲಿ ಈ ಪದ್ಧತಿಯಡಿ ಎದುರು ಪಕ್ಷದವರ ಪ್ರಾಶಸ್ತ್ಯವನ್ನೂ ಪಡೆದು ಗೆದ್ದರು. ಪಕ್ಷದ ಮುಚ್ಚಿದ ಕಣವಿದ್ದಿದ್ದರೆ ಅವರು ಅಂತಿಮ ಸುತ್ತಿಗೇ ಬರುತ್ತಿರಲಿಲ್ಲ ಎಂಬುದು ನನ್ನ ಊಹೆ. ಇಂಥ ಸುಧಾರಣೆ ಮತದಾರರ ಮನಸ್ಸಿನ ಹಗೆಯನ್ನು ಕರಗಿಸುವುದಿಲ್ಲ, ಹಗೆಗೆ ಮಣಿಯದ ಪ್ರತಿನಿಧಿಗೆ ಬದುಕುಳಿಯಲು ದಾರಿ ಬಿಡುತ್ತದೆ. ಅಷ್ಟರಮಟ್ಟಿಗೆ ನಾನು ಅದರ ಪರ. ಆದರೆ ಪಕ್ಷಗಳ ಕಾರ್ಯಕರ್ತರಿಗೆ ಅದು ಹಿಡಿಸಿಲ್ಲ, ಸಾಮಾನ್ಯ ಮತದಾರರಿಗೂ ಅಷ್ಟಾಗಿ ರುಚಿಸಿದಂತಿಲ್ಲ: 2024ರ ನವೆಂಬರ್‌ನಲ್ಲಿ ಕೊಲರಾಡೊ, ನೆವಾಡ, ಐಡಹೊ ಮತ್ತು ಆರಿಗನ್ ರಾಜ್ಯಗಳ ಜನ ಪ್ರಾಶಸ್ತ್ಯ ಮತದ ಪ್ರಸ್ತಾವಗಳನ್ನು ತಿರಸ್ಕರಿಸಿದರು, ಅಲಾಸ್ಕದಲ್ಲಿ ಈ ಪದ್ಧತಿಯನ್ನು ರದ್ದುಗೊಳಿಸುವ ಪ್ರಸ್ತಾವ ಸಾವಿರಕ್ಕೂ ಕಡಿಮೆ ಮತಗಳ ಅಂತರದಿಂದ ಬಿದ್ದುಹೋಯಿತು.